ಬೋರ್ಡೋ ಎಂಬ ಊರು, ಸವಣೂರು ಎಂಬ ಎಲೆ

ಮಿರಗದ ಮಳೆ ಹಿಡಿಯಿತೆಂದರೆ ಹಾನಗಲ್ಲಿನ ನನ್ನ ಗೊಬ್ಬರದಂಗಡಿಯಲ್ಲಿ ತಕ್ಕಡಿಗೆ ಬಿಡುವಿರುವುದಿಲ್ಲ. ಅಡಕಿ ತೋಟದವರು ಬರುತ್ತಾರೆ, ಎಲೆ ತೋಟದವರು ಬರುತ್ತಾರೆ. ಮೆಟ್ಟಿಲಿಗೆ ಕೆಸರುಗಾಲು ಒರೆಸುತ್ತ ಎಲ್ಲರದೂ ಒಂದೇ ಮಾತು: "ಬೋರ್ಡೋ ಸಾಮಾನು ಕೊಡ್ರಿ." ಸಾಮಾನು ಅಂದರೆ ಎರಡೇ. ನವಿಲಿನ ಕುತ್ತಿಗೆಯ ಬಣ್ಣದ ಮೈಲುತುತ್ತ, ಮತ್ತೆ ಸುಣ್ಣ. ಮೂವತ್ತೆರಡು ವರ್ಷ ಇದನ್ನೇ ತೂಗಿದ್ದೇನೆ. ಅಂಗಿಯ ತೋಳಿನ ಅಂಚು ನೀಲಿಯಾಗಿದೆ, ಯಾವ ಸೋಪಿಗೂ ಹೋಗುವುದಿಲ್ಲ.

ಈ 'ಬೋರ್ಡೋ' ಎಂದರೆ ಏನು ಎಂದು ಬಹಳ ದಿನ ನಾನು ಕೇಳಿಕೊಂಡಿರಲಿಲ್ಲ. ಯಾವುದೋ ಕಂಪನಿ ಇರಬೇಕು ಎಂದುಕೊಂಡಿದ್ದೆ. ಹಿರೇಕೆರೂರ ಕಡೆಯ ಹಿರಿಯ ಗಿರಾಕಿಯೊಬ್ಬರು ಒಮ್ಮೆ ಖಚಿತವಾಗಿ ಹೇಳಿದರು: "ಬೋರ್ಡಿನವರು ಕಂಡುಹಿಡದಾರ, ಅದಕ್ಕ ಬೋರ್ಡೋ." ಯಾವ ಬೋರ್ಡು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಚಿಲ್ಲರೆ ಎಣಿಸಿಕೊಂಡು ಹೋದರು.

ಅದು ಒಂದು ಊರು. ಫ್ರಾನ್ಸಿನ ನೈರುತ್ಯದಲ್ಲಿ ಗರೋನ್ ನದಿಯ ದಂಡೆಯ ಮೇಲಿದೆ. ದ್ರಾಕ್ಷಿ ಮದ್ಯಕ್ಕೆ ಜಗತ್ತಿನಲ್ಲೇ ಹೆಸರಾದ ಸೀಮೆ. ಆ ಊರಿನ ಹೆಸರನ್ನು ಹಾನಗಲ್ಲ, ಹಿರೇಕೆರೂರಿನ ತೋಟಿಗರು ಪ್ರತಿ ಮಳೆಗಾಲಕ್ಕೂ ಹತ್ತಾರು ಸಲ ನಾಲಿಗೆಯ ಮೇಲೆ ಆಡಿಸುತ್ತಾರೆ. ಹೀಗೆ ಒಂದು ಊರು ಇನ್ನೊಂದು ಊರಿನ ಬಾಯಿಗೆ ಬರುವುದು ಹೇಗೆ ಎನ್ನುವುದೇ ನನ್ನ ತಲೆಯಲ್ಲಿ ಕೂತ ವಿಷಯ. ಯಾಕೆಂದರೆ ನಮ್ಮ ಅವ್ವನ ತವರು ಸವಣೂರು, ಅದೂ ಜನರ ಬಾಯಲ್ಲಿ ಓಡಾಡುವ ಊರೇ. ಸವಣೂರು ಅಂದರೆ ಒಂದು ಖಾರಾ, ಇನ್ನೊಂದು ಎಲೆ.

ಮೊದಲು ಎಲೆಯ ಮಾತು.

ನನ್ನ ಸೋದರಮಾವನ ತೋಟ ಸವಣೂರಿನ ಹೊರಗೆ, ಕೆರೆಯ ಕೆಳಗೆ ಇತ್ತು. ಒಂದೇ ಎಕರೆ. ಬೇಸಿಗೆ ಸೂಟಿ ಬಿಟ್ಟ ಮರುದಿನವೇ ಅವ್ವ ನಮ್ಮನ್ನು ಬಂಕಾಪುರದ ಮೇಲೆ ಹೋಗುವ ಬಸ್ಸಿಗೆ ಹತ್ತಿಸುತ್ತಿದ್ದಳು. ಬಯಲಿನ ಬಿಸಿಲಲ್ಲಿ ನಡೆದು ಹೋಗಿ ತೋಟದ ತಡಿಕೆ ಸರಿಸಿ ಒಳಗೆ ಕಾಲಿಟ್ಟರೆ ಮೈಮೇಲೆ ಹಸಿ ಬಟ್ಟೆ ಹಾಕಿದಂತೆ. ಮೇಲೆ ನುಗ್ಗಿ, ಚೊಗಚಿ ಗಿಡಗಳ ಸಣ್ಣ ಎಲೆಯ ನೆರಳು. ಆ ಗಿಡಗಳ ಮೈಗೆ ಹಬ್ಬಿದ ಬಳ್ಳಿಗಳು ಸಾಲುಸಾಲು. ಸಾಲಿನ ನಡುವೆ ನೀರಿನ ಕಾಲುವೆ. ಚಪ್ಪಲಿ ತಡಿಕೆಯ ಹೊರಗೇ. ಎಲೆ ತೋಟ ಅಂದರೆ ಗುಡಿ ಇದ್ದಂತೆ ಎಂದು ಮಾವ ಹೇಳುತ್ತಿದ್ದ. ತಿಂಗಳ ಮೂರು ದಿನ ಮನೆಯ ಹೆಂಗಸರು ಒಳಗೆ ಬರುವಂತಿರಲಿಲ್ಲ. ಉಳಿದ ಇಪ್ಪತ್ತೇಳು ದಿನ ಬಳ್ಳಿ ಕಟ್ಟುವುದು, ಎಲೆ ಎಣಿಸುವುದು ಅವರದೇ ಕೆಲಸ. ಇದು ಯಾವ ನ್ಯಾಯ ಎಂದು ಆಗ ತಿಳಿಯಲಿಲ್ಲ, ಈಗ ತಿಳಿದರೂ ಹೇಳಬೇಕಾದ ಮಾವ ಇಲ್ಲ.

ವೀಳ್ಯದೆಲೆ ಕರಿಮೆಣಸಿನ ದಾಯಾದಿ, ಒಂದೇ ಕುಲ. ಬೀಜ ಬಿತ್ತಿ ಬೆಳೆಯುವುದಲ್ಲ, ಬಳ್ಳಿಯ ತುಂಡು ನೆಟ್ಟೇ ಬೆಳೆಯಬೇಕು. ಬಳ್ಳಿ ನೆಡುವ ಮೊದಲು ಆಸರೆಯ ಗಿಡ ಬೆಳೆಯಬೇಕು. ಚೊಗಚಿ ಬೀಜ ಹಾಕಿ, ಅದು ಮಾರುದ್ದ ಎದ್ದ ಮೇಲೆ ಅದರ ಬುಡಕ್ಕೆ ಬಳ್ಳಿ. ಬಳ್ಳಿ ಗೇಣು ಮೇಲೇರಿದಂತೆಲ್ಲ ಬಾಳೆಪಟ್ಟೆಯ ಎಳೆಯಿಂದ ಗಿಡಕ್ಕೆ ಕಟ್ಟಬೇಕು. ಬಿಗಿಯಾದರೆ ಬಳ್ಳಿ ಕೊರೆಯುತ್ತದೆ, ಸಡಿಲಾದರೆ ಜೋತು ಬೀಳುತ್ತದೆ. ಇದಕ್ಕೆ ಬೆರಳೇ ಗುರು.

ವರ್ಷಕ್ಕೊಮ್ಮೆ ಬಳ್ಳಿ ಇಳಿಸುವುದು. ಏಣಿಗೂ ಸಿಗದಷ್ಟು ಎತ್ತರಕ್ಕೆ ಹೋದ ಬಳ್ಳಿಯನ್ನು ಕಟ್ಟು ಬಿಚ್ಚಿ ಮೆಲ್ಲಗೆ ಕೆಳಗಿಳಿಸಿ, ಎಲೆಯಿಲ್ಲದ ಹಳೆಯ ಭಾಗವನ್ನು ಬುಡದಲ್ಲಿ ಸುರುಳಿ ಸುತ್ತಿ ಮಣ್ಣು ಮುಚ್ಚುತ್ತಾರೆ. ಆ ಮಣ್ಣಲ್ಲಿ ಕೆರೆಯ ಹೂಳು, ಕೊಟ್ಟಿಗೆಯ ಗೊಬ್ಬರ. ಹೂತ ಗೆಣ್ಣುಗಳೆಲ್ಲ ಹೊಸ ಬೇರು ಬಿಟ್ಟು ಬಳ್ಳಿಗೆ ಮತ್ತೆ ಪ್ರಾಯ ಬರುತ್ತದೆ. "ಮುದುಕನ್ನ ಮಣ್ಣಾಗ ಇಟ್ರ ಹುಡುಗ ಎದ್ದ ನೋಡು" ಎಂದು ಮಾವ ನಗುತ್ತಿದ್ದ.

ಕೊಯ್ಲಿಗೆ ಹೆಬ್ಬೆರಳಿಗೆ ತಗಡಿನ ಉಗುರು ತೊಡುತ್ತಿದ್ದರು. ಟಿಕ್ ಎಂದು ತೊಟ್ಟು ಕತ್ತರಿಸಿದ ಸದ್ದು, ಎಲೆ ಅಂಗೈಗೆ. ನಮ್ಮ ಅತ್ತೆ ಮಾತಾಡುತ್ತ ಮಾತಾಡುತ್ತ ನೂರು ಎಣಿಸಿ ಕಟ್ಟು ಕಟ್ಟುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ. ನಾನು ಮೂವತ್ತು ದಾಟುವಷ್ಟರಲ್ಲಿ ಲೆಕ್ಕ ಮರೆಯುತ್ತಿದ್ದೆ. ಕಟ್ಟುಗಳನ್ನು ಬಾಳೆಯೆಲೆಯಲ್ಲಿ ಸುತ್ತಿ ದೊಡ್ಡ ಪೆಂಡಿ ಮಾಡಿ, ನೀರು ಚಿಮುಕಿಸಿ, ಸಂಜೆಗೆ ದಲಾಲರ ಗಾಡಿಗೆ.

ದಲಾಲರೊಬ್ಬರು ಬರುತ್ತಿದ್ದರು, ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಅವರು ಎಲೆ ನೋಡುವ ರೀತಿ ನನ್ನ ಕಣ್ಣಲ್ಲಿ ಹಾಗೇ ಇದೆ. ಪೆಂಡಿಯ ನಡುವಿನಿಂದ ಒಂದೆಲೆ ಎಳೆದು, ಧೋತರಕ್ಕೆ ಒರೆಸಿ, ಬೆಳಕಿಗೆ ಹಿಡಿದು ನರ ನೋಡಿ, ತೊಟ್ಟು ಮುರಿದು ಮೂಸಿ, ಆಮೇಲೆ ಚೂರು ಹರಿದು ನಾಲಿಗೆಯ ಮೇಲೆ. "ಇದು ನಿನ್ನ ಕೆರೀ ಕಡೀ ಸಾಲಿಂದು. ಆ ದಿನ್ನೀ ಮ್ಯಾಲಿನ ಸಾಲಿಂದು ಯಾಕ ಇದರಾಗ ಸೇರಿಸೀದಿ?" ಮಾವ ತಲೆ ತಗ್ಗಿಸಿದ. ಒಂದೇ ಎಕರೆ, ಒಂದೇ ಬಳ್ಳಿಯ ತುಂಡಿನಿಂದ ಬಂದ ತೋಟ. ಆದರೂ ತಗ್ಗಿನ ಎಲೆ ಬೇರೆ, ದಿನ್ನೆಯ ಎಲೆ ಬೇರೆ. ತಗ್ಗಿನಲ್ಲಿ ಎರೆ ಬೆರೆತ ಹೂಳು, ಎಲೆ ಅಗಲ, ರಸ ಹೆಚ್ಚು, ಬೇಗ ಕೊಳೆಯುತ್ತದೆ. ದಿನ್ನೆಯ ಮಸಾರಿಯಲ್ಲಿ ಎಲೆ ಸಣ್ಣದು, ಖಾರ ಹೆಚ್ಚು, ಬಾಳಿಕೆ ಹೆಚ್ಚು. ಇದು ಸಾಹೇಬರ ನಾಲಿಗೆಗೆ ಗೊತ್ತಿತ್ತು. ಬರೆದಿಟ್ಟ ಯಾವ ಪುಸ್ತಕದಲ್ಲೂ ಇರಲಿಲ್ಲ.

ಈಗ ಬೋರ್ಡೋಗೆ ಬರುತ್ತೇನೆ.

ಎಲೆಬಳ್ಳಿಗೆ ನೀರು ದಿನವೂ ಬೇಕು, ನೀರು ನಿಂತರೆ ಮಾತ್ರ ಸಾವು. ಮಳೆ ಹಿಡಿದು ಕೂತಾಗ ಬುಡದಲ್ಲಿ ಕಪ್ಪು ಕಲೆ ಬೀಳುತ್ತದೆ, ವಾರದೊಳಗೆ ಬಳ್ಳಿ ಬಾಡಿ ಜೋಲುತ್ತದೆ. ಅಡಕೆಗೆ ಬರುವ ಕೊಳೆರೋಗದ ಬಳಗದ್ದೇ ಇದೂ, ಫೈಟಾಫ್ತೊರಾ ಎನ್ನುವ ಜೀವಿ. ನೀರಲ್ಲಿ ಈಜುವ ಬೀಜಕಣ ಬಿಡುತ್ತದೆ. ಮದ್ದು ಬೋರ್ಡೋ ದ್ರಾವಣ. ಒಂದು ಕಿಲೋ ತುತ್ತ ಐವತ್ತು ಲೀಟರ್ ನೀರಲ್ಲಿ, ಒಂದು ಕಿಲೋ ಸುಣ್ಣ ಇನ್ನೈವತ್ತು ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಬೇಕು. ಆಕಾಶದ ಬಣ್ಣ ಬರುತ್ತದೆ. ತುತ್ತದಲ್ಲಿರುವ ತಾಮ್ರ ಆ ಈಜುವ ಕಣಗಳನ್ನು ಕೊಲ್ಲುತ್ತದೆ. ಸುಣ್ಣ ತುತ್ತದ ಹುಳಿಯನ್ನು ಮುರಿದು ಗಿಡ ಸುಡದಂತೆ ಕಾಯುತ್ತದೆ, ಮದ್ದು ಮಳೆಗೆ ತೊಳೆದು ಹೋಗದಂತೆ ಅಂಟಿಸುತ್ತದೆ. ಅದೇ ದಿನ ಖರ್ಚು ಮಾಡಬೇಕು, ನಾಳೆಗೆ ಇಡುವಂತಿಲ್ಲ. ಎಲೆ ತೋಟದಲ್ಲಿ ಮುಖ್ಯವಾಗಿ ಬುಡಕ್ಕೆ ಸುರಿಯುವುದು; ತಿನ್ನುವ ಎಲೆಗೆ ಹೊಡೆಯಲೇಬೇಕಾಗಿ ಬಂದರೆ ಬಲಿತದ್ದನ್ನೆಲ್ಲ ಮೊದಲು ಕೊಯ್ದು ಹೊಡೆಯಬೇಕು. ಇದನ್ನು ಪ್ರತಿ ಗಿರಾಕಿಗೂ ಹೇಳುತ್ತೇನೆ. ಕೇಳುವವರು ಕೇಳುತ್ತಾರೆ.

ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಇರಬೇಕು. ಕಬ್ಬಿಣ ಸಲ್ಲದು. ಇದನ್ನು ನಾನು ಕಲಿತದ್ದು ಹನ್ನೆರಡನೆಯ ವಯಸ್ಸಿನಲ್ಲಿ. ಮಾವ ಊರಲ್ಲಿರದ ದಿನ ಶಾಣ್ಯಾತನ ಮಾಡಲು ಹೋಗಿ ಬಾವಿಯ ಕಬ್ಬಿಣದ ಬಕೀಟಿನಲ್ಲೇ ತುತ್ತ ಕರಗಿಸಿದೆ. ಸುಣ್ಣ ಕಡಿಮೆ ಬಿತ್ತು. ಎರಡು ಸಾಲಿಗೆ ಹೊಡೆದೆ. ಮರುದಿನ ಎಲೆಗಳ ಮೇಲೆ ಬೀಡಿ ತಾಗಿಸಿದಂಥ ಚುಕ್ಕಿ, ಬಕೀಟಿನ ಒಳಮೈಗೆ ತಾಮ್ರದ ಕೆಂಪು ಲೇಪ. ಮಾವ ಬೈಯಲಿಲ್ಲ. ಕುಡಗೋಲು ತಂದು, ಕಲ್ಲಿಗೆ ತಿಕ್ಕಿ ಹೊಳಪು ಬರಿಸಿ, ಉಳಿದಿದ್ದ ನೀಲಿ ನೀರಲ್ಲಿ ಅದ್ದಿ ಹಿಡಿದ. ಮೇಲೆತ್ತಿದಾಗ ಅಲಗು ಕೆಂಪಾಗಿತ್ತು. "ಕೆಂಪು ಬಂತಂದ್ರ ಸುಣ್ಣ ಸಾಲಂಗಿಲ್ಲ ಅಂತ ಅದು ಹೇಳಾಕತ್ತೈತಿ. ಬಾಯಿ ಸುಟ್ಟೋರಿಗೆ ಗೊತ್ತಿರತೈತಿ, ಸುಣ್ಣ ಹೆಚ್ಚಾದ್ರೂ ಕಷ್ಟ, ಕಡಿಮೀ ಆದ್ರೂ ಕಷ್ಟ." ಎಲೆಗೆ ಸುಣ್ಣ ಹಚ್ಚಿ ಮಡಚುವ ಮನುಷ್ಯ ಹೇಳಬಹುದಾದ ಮಾತು ಅದು. ಈ ಪರೀಕ್ಷೆ ಕೃಷಿ ಕಾಲೇಜಿನ ಪುಸ್ತಕದಲ್ಲೂ ಇದೆ ಎಂದು ಆಮೇಲೆ ನೋಡಿದೆ.

ಮಗಳು ಅಳಿಯ ಈಗ ಫ್ರಾನ್ಸಿನ ತುಲೂಸಿನಲ್ಲಿದ್ದಾರೆ, ವಿಮಾನ ಕಟ್ಟುವ ಊರು. ಒಂದು ಸೆಪ್ಟೆಂಬರಿನಲ್ಲಿ ನಾನೂ ನಮ್ಮವಳೂ ಹೋಗಿದ್ದೆವು. ಮಗಳು ಐಫೆಲ್ ಗೋಪುರ ತೋರಿಸುತ್ತೇನೆ ಎಂದಳು. ನನಗೆ ಬೋರ್ಡೋ ನೋಡಬೇಕು ಎಂದೆ. "ಅಪ್ಪಾ, ನೀನು ಕುಡಿಯಂಗಿಲ್ಲಲ್ಲಾ?" ಎಂದಳು. ತುತ್ತ ಮಾರುವವನು ಆ ಊರು ನೋಡದೆ ಸತ್ತರೆ ಗಿರಾಕಿಗಳು ಏನಂದಾರು ಎಂದೆ.

ತುಲೂಸಿನಿಂದ ರೈಲಿನಲ್ಲಿ ಎರಡು ತಾಸು ಚಿಲ್ಲರೆ. ತುಲೂಸಿನಲ್ಲಿ ನೋಡಿದ ಗರೋನ್ ನದಿಯೇ ಬೋರ್ಡೋದಲ್ಲಿ ಮತ್ತೆ ಎದುರಾಗುತ್ತದೆ. ಹಾನಗಲ್ಲ ತಾಲ್ಲೂಕಿನಲ್ಲಿ ಹರಿದ ವರದೆ ಸವಣೂರ ತಾಲ್ಲೂಕಿನ ಅಂಚು ಸವರಿ ಗಳಗನಾಥದಲ್ಲಿ ತುಂಗಭದ್ರೆ ಸೇರುವ ಹಾಗೆ, ಈ ಗರೋನ್ ಬೋರ್ಡೋ ದಾಟಿ ದೋರ್ದೋನ್ ನದಿಯನ್ನು ಸೇರಿ ಜಿರೋಂದ್ ಎಂಬ ಅಗಲವಾದ ಅಳಿವೆಯಾಗಿ ಕಡಲಿಗೆ ಹೋಗುತ್ತದೆ. ಆ ಅಳಿವೆಯ ಎಡದಂಡೆಗುಂಟ ಮೆಡಾಕ್ ಎಂಬ ಸೀಮೆ. ಅಳಿಯ ಬಾಡಿಗೆ ಕಾರು ಮಾಡಿದ. ಮಾರ್ಗೋ, ಸೇಂ ಜೂಲಿಯಾಂ, ಪೋಯಾಕ್, ಹೀಗೆ ಒಂದರ ಹಿಂದೊಂದು ಊರು. ನಮ್ಮ ತಡಸ, ದುಂಡಸಿಗಿಂತ ದೊಡ್ಡವೇನಲ್ಲ. ಒಂದು ಇಗರ್ಜಿ, ಒಂದು ರೊಟ್ಟಿ ಅಂಗಡಿ, ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಇಲ್ಲ. ಸೇಂ ಜೂಲಿಯಾಂ ಊರಿನ ಬಾಗಿಲಲ್ಲಿ ಮಾತ್ರ ಆಳೆತ್ತರ ಮೀರಿದ ಒಂದು ದೊಡ್ಡ ಸೀಸೆಯ ಬೊಂಬೆ ನಿಲ್ಲಿಸಿದ್ದಾರೆ. ಊರಿನ ಅಗಸೆಗೆ ಸೀಸೆ! ನಮ್ಮವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಬಳ್ಳಿಗಳನ್ನು ನೋಡಿ ನನಗೆ ಮೊದಲು ನಿರಾಸೆಯಾಯಿತು. ಚಪ್ಪರವಿಲ್ಲ. ವಿಜಯಪುರದ ದ್ರಾಕ್ಷಿ ತೋಟದಲ್ಲಿ ತಲೆಯ ಮೇಲೆ ಗೊನೆ ಜೋತಾಡುತ್ತವೆ. ಇಲ್ಲಿ ಸೊಂಟದೆತ್ತರದ ಗಿಡ್ಡ ಬಳ್ಳಿ, ತಂತಿಗೆ ಕಟ್ಟಿದ್ದು, ದಾರ ಹಿಡಿದಂತೆ ಸಾಲು. ಒಂದು ಹೆಕ್ಟೇರಿಗೆ ಹತ್ತು ಸಾವಿರದವರೆಗೂ ಬಳ್ಳಿ ನೆಡುತ್ತಾರಂತೆ. ಕೆಲವು ಸಾಲಿನ ತುದಿಗೆ ಒಂದೊಂದು ಗುಲಾಬಿ ಗಿಡ. ಬೂದಿ ರೋಗ ಗುಲಾಬಿಗೆ ಮೊದಲು ಬರುತ್ತದೆ, ಅದನ್ನು ನೋಡಿ ಬಳ್ಳಿಗೆ ಮದ್ದು ಹೊಡೆಯುತ್ತಿದ್ದರು. ಈಗ ಚಂದಕ್ಕೆ ಉಳಿದಿದೆ. ಬಗ್ಗಿ ಮಣ್ಣು ಮುಟ್ಟಿದೆ. ಮಣ್ಣಲ್ಲ, ಗರಸು. ಉರುಟು ಕಲ್ಲು, ಬೆಣಚು. ಇಂಥ ಹೊಲ ನಮ್ಮಲ್ಲಿ ಸಿಕ್ಕರೆ ಮಗಳನ್ನು ಕೊಡುವವರೂ ಹಿಂದೆಮುಂದೆ ನೋಡುತ್ತಾರೆ. ನದಿ ಯಾವುದೋ ಕಾಲದಲ್ಲಿ ಬೆಟ್ಟದಿಂದ ಹೊತ್ತು ತಂದು ದಿನ್ನೆ ದಿನ್ನೆಯಾಗಿ ಒಟ್ಟಿದ ಕಲ್ಲು ಅದು. ಸುತ್ತಲಿನ ಜೌಗನ್ನು ಹದಿನೇಳನೆಯ ಶತಮಾನದಲ್ಲಿ ಡಚ್ಚರು ಕಾಲುವೆ ತೋಡಿ ಬಸಿದರು. ಬಿದ್ದ ನೀರು ಕಲ್ಲಿನ ಸಂದಿಯಲ್ಲಿ ಇಳಿದು ಹೋಗುತ್ತದೆ, ಬೇರು ನೀರು ಹುಡುಕುತ್ತ ಆಳಕ್ಕೆ ಹೋಗುತ್ತದೆ, ಕಾಯಿ ಸಣ್ಣದಾಗಿ ರುಚಿ ಗಟ್ಟಿಯಾಗುತ್ತದೆ. ಮಾವನ ದಿನ್ನೆಯ ಸಾಲು!

ಈ ಸೇಂ ಜೂಲಿಯಾಂ ಊರಲ್ಲೇ ನನ್ನ ಅಂಗಡಿಯ ಕಥೆ ಶುರುವಾದದ್ದು. ಹತ್ತೊಂಬತ್ತನೆಯ ಶತಮಾನದ ನಡುವೆ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹೇನು ಫ್ರಾನ್ಸಿನ ದ್ರಾಕ್ಷಿಯನ್ನೆಲ್ಲ ಹಾಳು ಮಾಡುತ್ತ ಬಂತು. ಅಮೆರಿಕದ ಬಳ್ಳಿಯ ಬೇರನ್ನು ಆ ಹೇನು ಕೊಲ್ಲಲಾರದು ಎಂದು ತಿಳಿದು, ಅಲ್ಲಿಂದಲೇ ಬಳ್ಳಿ ತರಿಸಿ ಬೇರು ಅದರದು, ಮೇಲಿನದು ತಮ್ಮದು ಮಾಡಿ ಕಸಿ ಕಟ್ಟತೊಡಗಿದರು. ಆ ಸಮುದ್ರ ದಾಟಿದ ಬಳ್ಳಿಗಳ ಜೊತೆ ಬೂಜು ತುಪ್ಪಟ ರೋಗವೂ ಬಂತು. 1878ರಲ್ಲಿ ಫ್ರಾನ್ಸಿನಲ್ಲಿ ಮೊದಲು ಕಂಡರು. ಕೊಳೆರೋಗದ ದೂರದ ನೆಂಟ, ಇದರ ಕಣವೂ ನೀರಲ್ಲಿ ಈಜುವಂಥದೇ.

1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ಸೇಂ ಜೂಲಿಯಾಂ ತೋಟಗಳ ನಡುವೆ ಹೋಗುತ್ತಿದ್ದರು. ಒಳಗಿನ ಬಳ್ಳಿಗಳೆಲ್ಲ ರೋಗಕ್ಕೆ ಎಲೆ ಉದುರಿಸಿ ಬೋಳಾಗಿದ್ದವು. ದಾರಿಯಂಚಿನ ಸಾಲು ಮಾತ್ರ ಹಸಿರಾಗಿತ್ತು, ಎಲೆಯ ಮೇಲೆ ಏನೋ ನೀಲಿ ಪುಡಿ. ವಿಚಾರಿಸಿದರು. ದಾರಿಹೋಕರು ಗೊನೆ ಕಿತ್ತು ತಿನ್ನುತ್ತಾರೆಂದು ತೋಟದವರು ತುತ್ತ, ಸುಣ್ಣ ಕಲಸಿ ಸಿಡಿಸುತ್ತಿದ್ದರಂತೆ. ವಿಷದಂತೆ ಕಾಣಲಿ ಎಂದು. ನಮ್ಮ ಮಾವಿನ ತೋಪಿನವರು ಹಾಗೇ ಹೇಳುವುದಿಲ್ಲವೇ, "ಔಷಧ ಹೊಡದೇವಿ, ಮುಟ್ಟಬ್ಯಾಡ್ರಿ" ಎಂದು? ಹೊಡೆದಿರುತ್ತಾರೋ ಇಲ್ಲವೋ! ಮಿಲಾರ್ಡೆ ಅದನ್ನೇ ಹಿಡಿದು, ಅಲ್ಲಿನ ಬೋಕಾಯೂ ಎಂಬ ತೋಟದ ಮೇಲ್ವಿಚಾರಕ ಅರ್ನೆಸ್ಟ್ ದಾವಿದ್ ಮತ್ತು ರಸಾಯನಶಾಸ್ತ್ರಜ್ಞ ಗಯೋನ್ ಜೊತೆ ಸೇರಿ ಪ್ರಯೋಗ ಮಾಡಿ, 1885ರಲ್ಲಿ ಹದ ಪ್ರಕಟಿಸಿದರು. ಕಳ್ಳರಿಗೆ ಹೊಡೆದ ಕಲ್ಲಿಗೆ ಹಣ್ಣು ಬಿತ್ತು.

ಒಂದು ಶಾತೋ ಎಂಬಲ್ಲಿ ಒಳಗೆ ಬಿಟ್ಟರು. ಶಾತೋ ಅಂದರೆ ಅರಮನೆ ಎಂದರ್ಥ, ಇಲ್ಲಿ ತೋಟದ ಮನೆಗೂ ಅದೇ ಹೆಸರು. ತಂಪು ನೆಲಮನೆಯಲ್ಲಿ 225 ಲೀಟರಿನ ಓಕ್ ಮರದ ಪೀಪಾಯಿಗಳು ಸಾಲಾಗಿ ಮಲಗಿದ್ದವು. ತೋರಿಸಿದ ಹೆಂಗಸು ರುಚಿ ನೋಡುವ ಕ್ರಮ ವಿವರಿಸಿದಳು: ಲೋಟ ಬೆಳಕಿಗೆ ಹಿಡಿ, ಮೂಸು, ಗುಟುಕು ಬಾಯಲ್ಲಿ ಆಡಿಸು, ಉಗುಳು. ಉಗುಳಲು ಪಾತ್ರೆ ಇಟ್ಟಿದ್ದರು. ನಾನು ನಮ್ಮವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಪೀಕದಾನಿ! ನವಾಬರ ಸವಣೂರಿನ ನೆಂಟರು ನಾವು, ಇದನ್ನು ಇವರಿಂದ ಕಲಿಯಬೇಕೇ? ನಾನು ಮೂಸಿ ಕೆಳಗಿಟ್ಟೆ. ಸಾಹೇಬರಾಗಿದ್ದರೆ ಅದು ಯಾವ ಸಾಲಿನದೆಂದು ಹೇಳುತ್ತಿದ್ದರೇನೋ.

ನನ್ನ ಕಸುಬು ಏನೆಂದು ಮಗಳು ಫ್ರೆಂಚಿನಲ್ಲಿ ಹೇಳಿದಾಗ ಆ ಹೆಂಗಸಿಗೆ ನಂಬಿಕೆಯೇ ಬರಲಿಲ್ಲ. ಅವರು ಅದನ್ನು 'ಬುಯೀ ಬೋರ್ದಲೇಸ್' ಎನ್ನುತ್ತಾರೆ. ಬುಯೀ ಅಂದರೆ ಗಂಜಿ, ಅಂಬಲಿ. ಬೋರ್ಡೋ ಅಂಬಲಿ! ಆ ದಿನದಿಂದ ಅಂಗಡಿಯಲ್ಲಿ ನಾನೂ ಹಾಗೇ ಅನ್ನುತ್ತೇನೆ, ಕೆಲವರು ನಗುತ್ತಾರೆ. ಬಳ್ಳಿ ಇಳಿಸಿ ಮಣ್ಣಲ್ಲಿ ಹೂಳುವುದನ್ನು ಹೇಳಿದಾಗ ಅವಳ ಮುಖ ಬದಲಾಯಿತು. ಅವರ ಹಿರಿಯರೂ ಹಾಗೇ ಮಾಡುತ್ತಿದ್ದರಂತೆ, ಬಳ್ಳಿ ಬಗ್ಗಿಸಿ ಹೂತು ಹೊಸ ಗಿಡ ಎಬ್ಬಿಸುತ್ತಿದ್ದರಂತೆ. ಹೇನು ಬಂದ ಮೇಲೆ ನಿಂತಿತು. ಸ್ವಂತ ಬೇರು ಬಿಟ್ಟರೆ ಅದು ತಿನ್ನುತ್ತದೆ. ಮಾವ ಮಾಡುತ್ತಿದ್ದುದನ್ನು ಬೋರ್ಡೋದವರು ಮಾಡಲಾರರು.

ಆ ಮದ್ದು ಅಲ್ಲಿಂದ ಇಲ್ಲಿಗೆ ಬಂದ ದಾರಿಯೂ ಗೊತ್ತಿರಲಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಬಂದರು. ಮಲೆನಾಡಿನ ಅಡಕೆಯ ಕೊಳೆರೋಗದ ಬೆನ್ನು ಹತ್ತಿ 1910ರಲ್ಲಿ ಅದರ ಮೇಲೆ ಬರೆದರು, ಬೋರ್ಡೋ ಹೊಡೆಯಿರಿ ಎಂದರು. ಆಗ ಹಾನಗಲ್ಲ, ಬಂಕಾಪುರ, ಹಿರೇಕೆರೂರು ಕೇಂದ್ರವಾಗಿದ್ದ ಕೋಡ ತಾಲ್ಲೂಕು ಇವೆಲ್ಲ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ, ಸವಣೂರು ನವಾಬರದು. ಮೈಸೂರಿನ ಗಡಿ ಹಿರೇಕೆರೂರ ಆಚೆಗೇ ಇತ್ತು, ರೋಗಕ್ಕೂ ಮದ್ದಿಗೂ ಗಡಿಯೇನು. ಒಂದು ಲೇವಾದೇವಿ ಮಾತ್ರ ನನಗೆ ಬಹಳ ಖುಷಿ: 'ಕೊಳೆರೋಗ' ಎಂಬ ನಮ್ಮ ಮಾತು ಹಾಗೇ ವಿಜ್ಞಾನದ ಲ್ಯಾಟಿನ್ ಹೆಸರಿಗೆ ಸೇರಿದೆ. ಕಾಫಿಯ ಕೊಳೆ ತರುವ ಶಿಲೀಂಧ್ರಕ್ಕೆ 1876ರಲ್ಲೇ ಕುಕ್ ಎಂಬವರು ಆ ಹೆಸರು ಹಚ್ಚಿದರು. ಅವರು ಮದ್ದಿನ ಹೆಸರು ಕೊಟ್ಟರು, ನಾವು ರೋಗದ ಹೆಸರು ಕೊಟ್ಟೆವು.

ಆದರೆ ಹೆಸರು ಕಾಯುವುದರಲ್ಲಿ ಅವರು ನಮ್ಮಂಥವರಲ್ಲ. 1855ರಲ್ಲಿ ಪ್ಯಾರಿಸಿನಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಬೋರ್ಡೋ ಮದ್ಯಗಳನ್ನು ದರ್ಜೆ ಹಾಕಿ ಕೊಡಿ ಎಂಬ ಮಾತು ಬಂತು. ಆ ಕೆಲಸ ಹೋದದ್ದು ಪ್ರಾಧ್ಯಾಪಕರಿಗಲ್ಲ, ಮಂತ್ರಿಗಳಿಗಲ್ಲ, ದಲಾಲರಿಗೆ. ಅವರು ವರ್ಷಗಟ್ಟಲೆಯ ತಮ್ಮ ಧಾರಣೆಯ ಪುಸ್ತಕ ತೆಗೆದು, ಯಾವ ತೋಟದ ಮಾಲಿಗೆ ಎಷ್ಟು ಬಂದಿತ್ತು ಎಂದು ನೋಡಿ, ಮೆಡಾಕಿನ ಕೆಂಪು ಮದ್ಯವನ್ನು ಐದು ದರ್ಜೆ ಮಾಡಿ ಬರೆದುಕೊಟ್ಟರು. ಆ ಪಟ್ಟಿ ಇವತ್ತಿಗೂ ನಡೆಯುತ್ತಿದೆ. ದೊಡ್ಡ ಬದಲಾವಣೆ ಎಂದರೆ ಒಂದೇ, 1973ರಲ್ಲಿ ಮೂತೋ ಎಂಬ ತೋಟ ಎರಡನೆಯ ದರ್ಜೆಯಿಂದ ಒಂದನೆಯದಕ್ಕೆ ಏರಿದ್ದು. ಮೇಲೆ 1935ರ ಕಾನೂನು ಬೇರೆ: ಯಾವ ಊರಿನ ಎಲ್ಲೆಯಲ್ಲಿ ಬೆಳೆದದ್ದಕ್ಕೆ ಯಾವ ಹೆಸರು, ಯಾವ ಜಾತಿಯ ಬಳ್ಳಿ, ಹೆಕ್ಟೇರಿಗೆ ಎಷ್ಟು ಇಳುವರಿ, ಎಲ್ಲ ಬರವಣಿಗೆಯಲ್ಲಿ. ಮಾರ್ಗೋ ಎಂಬ ಹೆಸರು ಐದು ಊರುಗಳಿಗೆ ಸಲ್ಲುತ್ತದೆ, ಆರನೆಯದಕ್ಕೆ ಇಲ್ಲ.

ನಮಗೂ ಹಳೆಯ ಬರಹ ಇಲ್ಲವೆಂದಲ್ಲ. ಹಾನಗಲ್ಲಿನ ಕದಂಬರು ಆಳುತ್ತಿದ್ದ ಕಾಲಕ್ಕೆ ಅವರ ಮೇಲಿನ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಬರೆಸಿದ, ಅದರಲ್ಲಿ ತಾಂಬೂಲಭೋಗಕ್ಕೇ ಒಂದು ಭಾಗವಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಎಲೆಯ ಗುಣ ಹೊಗಳಿದ್ದಾನೆ. ಆದರೆ ಹೊಗಳಿಕೆ ಬೇರೆ, ಎಲ್ಲೆ ಬೇರೆ. ಭೌಗೋಳಿಕ ಸೂಚಕದ ಕಾನೂನು ನಮ್ಮಲ್ಲಿ 1999ರಲ್ಲಿ ಆಯಿತು. ಮೈಸೂರು ಎಲೆಗೆ ಆ ಗುರುತು ಸಿಕ್ಕಿತು. ನಮ್ಮ ಜಿಲ್ಲೆಯದೇ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಸಿಕ್ಕಿತು. ಸವಣೂರು ಎಲೆಯ ಪೆಂಡಿಯ ಮೇಲೆ ಅಂಥ ಚೀಟಿಯನ್ನು ನಾನು ಕಂಡಿಲ್ಲ.

ಗುರುತು ಸಿಕ್ಕರೆ ಎಲ್ಲ ಸರಿಯಾಗುತ್ತದೆ ಎಂದೂ ಹೇಳಲಾರೆ. ಇಷ್ಟೆಲ್ಲ ಬೇಲಿ ಹಾಕಿಕೊಂಡ ಬೋರ್ಡೋದಲ್ಲೇ ಮದ್ಯ ಮಾರಾಟ ಬಿದ್ದು ಹೋಗಿ, 2023ರಲ್ಲಿ ಸರ್ಕಾರವೇ ದುಡ್ಡು ಕೊಟ್ಟು ಸುಮಾರು 9,500 ಹೆಕ್ಟೇರ್ ಬಳ್ಳಿ ಕೀಳಿಸುವ ಯೋಜನೆ ಹಾಕಿತು. ಐದನೆಯ ದರ್ಜೆಗೂ ಸೇರದ ಸಣ್ಣ ತೋಟಿಗರದೇ ಹೆಚ್ಚಿನ ಪಾಡು. ತುತ್ತದ ಲೆಕ್ಕವೂ ತಿರುಗಿ ಬಂದಿದೆ. ನೂರು ವರ್ಷ ಸುರಿದ ತಾಮ್ರ ಮಣ್ಣಲ್ಲೇ ಕೂತಿದೆ, ಎರೆಹುಳಕ್ಕೆ ಒಳ್ಳೆಯದಲ್ಲ. ಯುರೋಪಿನವರು ಈಗ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ ಮೀರಬಾರದು ಎಂದು ಕಟ್ಟು ಮಾಡಿದ್ದಾರೆ. ಇದನ್ನು ಓದಿ ಬಂದು ಗಿರಾಕಿಗಳಿಗೆ ಹೇಳಲೋ ಬೇಡವೋ ಎಂದು ತಿಂಗಳುಗಟ್ಟಲೆ ಒದ್ದಾಡಿದೆ. ನನ್ನ ಹೊಟ್ಟೆಯ ಮೇಲೆ ನಾನೇ ಕಲ್ಲು ಹಾಕಿಕೊಂಡಂತೆ. ಈಗ ಹೇಳುತ್ತೇನೆ. ಬಸಿಗಾಲುವೆ ಮೊದಲು ಸರಿಮಾಡಿರಿ, ಅಡಕೆಗೆ ಕೊಟ್ಟೆ ಕಟ್ಟಿರಿ, ಆಮೇಲೆ ಅಂಗಡಿಗೆ ಬರ್ರಿ.

ಎಲೆ ತಿನ್ನುವವರಿಗೂ ಒಂದು ಮಾತು ಬಾಕಿ ಇದೆ. ಎಲೆ ಬೇರೆ, ಅದರೊಳಗೆ ಮಡಚುವುದು ಬೇರೆ. ತಂಬಾಕು ಸರಿಯೇ, ಬರೀ ಅಡಕೆಯ ಅಭ್ಯಾಸವೂ ಬಾಯಿಯ ಕ್ಯಾನ್ಸರಿಗೆ ದಾರಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇಪ್ಪತ್ತು ವರ್ಷದ ಹಿಂದೆಯೇ ಹೇಳಿದೆ. ಮಾವ ಬಾಯಿ ತೆರೆಯಲಾಗದೆ ಕೊನೆಯ ವರ್ಷ ಕಳೆದ. ಗಂಜಿ ಕುಡಿಯಲೂ ಕಷ್ಟಪಡುತ್ತಿದ್ದ.

ಅವನ ಮಕ್ಕಳು ಬಳ್ಳಿ ತೆಗೆದರು. ತಪ್ಪೆನ್ನಲಾರೆ. ಬಳ್ಳಿ ಕಟ್ಟುವ ಕೈ ಸಿಗುತ್ತಿರಲಿಲ್ಲ. ಈಗ ಅಲ್ಲಿ ಗೋವಿನಜೋಳ. ಹೋದ ದೀಪಾವಳಿಗೆ ಹೋದಾಗ ಹೊಲದಲ್ಲಿ ಅಡ್ಡಾಡಿದೆ. ದಿನ್ನೆ ಯಾವುದು, ತಗ್ಗು ಯಾವುದು ತಿಳಿಯಲಿಲ್ಲ, ಎಲ್ಲ ಮಟ್ಟ ಮಾಡಿಸಿದ್ದಾರೆ. ಸಾಹೇಬರು ಎಂದೋ ತೀರಿಕೊಂಡರು. ಅವರ ನಾಲಿಗೆಯ ಮೇಲಿದ್ದ ನಕಾಶೆಯನ್ನು ಯಾರೂ ಕಾಗದಕ್ಕೆ ಇಳಿಸಲಿಲ್ಲ. ಬೋರ್ಡೋದ ದಲಾಲರಿಗೆ ಪುಸ್ತಕ ಇತ್ತು.

ತಿರುಗಿ ಬರುವಾಗ ಶಿಗ್ಗಾವಿಯಲ್ಲಿ ಸಂತೆ ನೆರೆದಿತ್ತು. ಒದ್ದೆ ಗೋಣಿತಟ್ಟಿನ ಮೇಲೆ ಎಲೆಯ ಕಟ್ಟು ಹರವಿಕೊಂಡು ಒಬ್ಬ ಮುದುಕಿ ಕೂತಿದ್ದಳು.

"ಎಲ್ಲೀ ಎಲೀಬೇ ಯಮ್ಮಾ?" ಎಂದೆ.

"ಸವಣೂರದು."

ಒಂದೆಲೆ ತೆಗೆದು ಪಂಚೆಗೆ ಒರೆಸಿದೆ. ಬೆಳಕಿಗೆ ಹಿಡಿದೆ. ತೊಟ್ಟು ಮುರಿದು ಮೂಸಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಚೂರು ಹರಿದು ನಾಲಿಗೆಗೆ ಇಟ್ಟುಕೊಂಡೆ. ನೀರು ನೀರು. ಖಾರವಿಲ್ಲ.

"ಇದು ಸವಣೂರದು ಅಲ್ಲಬೇ."

"ಕೇಳಿದವರಿಗೆಲ್ಲಾ ಸವಣೂರದs ಬೇಕಪ್ಪಾ. ನಾ ಏನ್ ಮಾಡ್ಲಿ?" ಎಂದು ನನ್ನ ಮುಖವನ್ನೇ ಅಳೆದಳು. "ನೀ ತೋಟದವರ ಮಗ ಏನು?"

"ಅಳಿಯ" ಎಂದೆ.

ಮಂಡಿಯ ಕೆಳಗಿನಿಂದ ಗೋಣಿಯ ಮೂಲೆ ಎತ್ತಿ, ಸಣ್ಣ ಎಲೆಯ ಒಂದೇ ಒಂದು ಕಟ್ಟು ಹೊರಗೆ ತೆಗೆದಳು. ಎಣಿಸದೆ ಐದು ಎಲೆ ನನ್ನ ಕೈಗಿಟ್ಟು, ದುಡ್ಡು ಬೇಡವೆಂದು ಕೈಯಾಡಿಸಿ, ಮತ್ತೆ ಗೋಣಿ ಮುಚ್ಚಿದಳು.

"ಸುಣ್ಣಾ ಐತಿ ಏನು?" ಎಂದು ಕೇಳಿದಳು.